ಅಕ್ಷರದ ಯಾವ ಭಾಗ ನಮ್ಮನ್ನು ಓದಿಸುತ್ತದೆ?

ನಿಮ್ಮ ಮುಂದಿರುವ ಹಾಳೆಯಲ್ಲಿ ನಾಲ್ಕು ಅಕ್ಷರಗಳನ್ನು ದೊಡ್ಡದಾಗಿ ಬರೆಯಿರಿ: ಕ, ಕಿ, ಕೆ, ಕ್. ಈಗ ಇನ್ನೊಂದು ಹಾಳೆ ಇಟ್ಟು ಅವುಗಳ ಮೇಲಿನ ಅರ್ಧ ಮುಚ್ಚಿ. ಕೆಳಗೆ ಉಳಿದದ್ದು ನಾಲ್ಕರಲ್ಲೂ ಹೆಚ್ಚು ಕಡಿಮೆ ಒಂದೇ, ಅಲ್ವಾ? ಯಾವುದು ಕಿ, ಯಾವುದು ಕೆ ಎಂದು ಹೇಳಲು ಆಗುವುದಿಲ್ಲ.

ಈಗ ಅದರ ಕೆಳಗೆ ಮೂರು ಜೋಡಿ ಬರೆಯಿರಿ. ದ ಮತ್ತು ಧ. ಪ ಮತ್ತು ಫ. ಡ ಮತ್ತು ಢ. ಈ ಸಲ ಕೆಳಗಿನ ಅರ್ಧ ಮುಚ್ಚಿ. ಮತ್ತೆ ಅದೇ ಕಥೆ. ಅಲ್ಪಪ್ರಾಣ ಯಾವುದು, ಮಹಾಪ್ರಾಣ ಯಾವುದು ಎಂಬ ಗುರುತು ಹೊರಟುಹೋಯಿತು. ಏಕೆಂದರೆ ಆ ಗುರುತು ಇರುವುದು ಕೆಳಗಿನ ಒಂದು ಚಿಕ್ಕ ಗೀಟಿನಲ್ಲಿ. ‘ಹೊಟ್ಟೆ ಸೀಳಿದ ಧ’ ಎಂದು ಚಿಕ್ಕಂದಿನಲ್ಲಿ ಕಲಿತಿದ್ದೇವಲ್ಲ, ಅದೇ ಸೀಳು.

ಇಂಗ್ಲಿಷಿನ ಸಣ್ಣಕ್ಷರಗಳ ಒಂದು ಸಾಲಿನ ಮೇಲೆ ಇದೇ ಪ್ರಯೋಗ ಮಾಡಿ ನೋಡಿ. ಕೆಳಗಿನ ಅರ್ಧ ಮುಚ್ಚಿದರೆ ಸಾಲನ್ನು ಬಹುಮಟ್ಟಿಗೆ ಓದಿಬಿಡುತ್ತೀರಿ. ಮೇಲಿನ ಅರ್ಧ ಮುಚ್ಚಿದರೆ ತಡವರಿಸುತ್ತೀರಿ. ರೋಮನ್ ಸಣ್ಣಕ್ಷರಗಳ ಗುರುತು ಜಾಸ್ತಿ ಇರುವುದು ಮೇಲ್ಭಾಗದಲ್ಲಿ. ಕನ್ನಡದಲ್ಲಿ ಹಾಗಿಲ್ಲ. ಸ್ವರದ ಗುರುತು ತಲೆಯ ಮೇಲಿದೆ, ಮಹಾಪ್ರಾಣದ ಗುರುತು ಪಾದದಲ್ಲಿದೆ, ಕೊಂಬು ಮತ್ತು ದೀರ್ಘ ಬಲಗಡೆಗಿವೆ, ಒತ್ತಕ್ಷರ ಕೆಳಗೆ ಇಳಿದಿದೆ. ಹಾಗಾಗಿ ನಮ್ಮ ಲಿಪಿಯಲ್ಲಿ ಯಾವ ಅಂಚನ್ನೂ ಕಡೆಗಣಿಸುವಂತಿಲ್ಲ.

ಅಕ್ಷರದ ಅಂಗಗಳನ್ನು ಯಾಕೆ ಕಲಿಯಬೇಕು ಎಂಬುದಕ್ಕೆ ನನ್ನ ಉತ್ತರ ಇದೇ. ಸುಮ್ನೆ ಹೆಸರುಗಳ ಪಟ್ಟಿ ಬಾಯಿಪಾಠ ಮಾಡಿದರೆ ಪ್ರಯೋಜನ ಇಲ್ಲ. ಪ್ರತಿ ಅಂಗದ ಎದುರೂ ಒಂದು ಪ್ರಶ್ನೆ ಕೇಳಬೇಕು: ಈ ಅಂಗ ಅಕ್ಷರದ ಗುರುತನ್ನು ಹೊತ್ತಿದೆಯೋ, ಅಥವಾ ಅದರ ಅಂದವನ್ನು ಮಾತ್ರ ಹೊತ್ತಿದೆಯೋ? ಅಂದದ ಭಾಗವನ್ನು ವಿನ್ಯಾಸಕಾರ ಬೇಕಾದಂತೆ ತಿದ್ದಬಹುದು. ಗುರುತಿನ ಭಾಗವನ್ನು ಮುಟ್ಟುವಾಗ ಬಹಳ ಯೋಚಿಸಬೇಕು. ಇವತ್ತು ಹೇಳುವುದನ್ನೆಲ್ಲ ಈ ಪ್ರಶ್ನೆ ಇಟ್ಟುಕೊಂಡೇ ಕೇಳಿ.

ಮೊದಲು ಗೆರೆಗಳು. ಅಕ್ಷರ ಬರೆಯುವ ಮುಂಚೆಯೇ ಕಣ್ಣಿಗೆ ಕಾಣದ ಕೆಲವು ಅಡ್ಡಗೆರೆಗಳು ಇರುತ್ತವೆ. ಅಕ್ಷರಗಳೆಲ್ಲ ನಿಂತುಕೊಳ್ಳುವ ಗೆರೆ ಬೇಸ್‌ಲೈನ್. ರೋಮನ್ ಲಿಪಿಯಲ್ಲಿ ಸಣ್ಣ ಎಕ್ಸ್ ಅಕ್ಷರದ ನೆತ್ತಿ ಎಲ್ಲಿಗೆ ಬರುತ್ತದೋ ಅಲ್ಲಿಯವರೆಗಿನ ಎತ್ತರ ಎಕ್ಸ್-ಹೈಟ್. ಅಳೆಯಲು ಎಕ್ಸ್ ಅನ್ನೇ ಆರಿಸಿದ್ದು ಯಾಕೆಂದರೆ ಅದರ ನೆತ್ತಿ ಮತ್ತು ಪಾದ ಎರಡೂ ಸಪಾಟಾಗಿವೆ. ಸಣ್ಣ ಬಿ, ಡಿ, ಎಚ್‌ಗಳಲ್ಲಿ ಆ ಎತ್ತರವನ್ನು ಮೀರಿ ಮೇಲೇಳುವ ಭಾಗ ಅಸೆಂಡರ್. ಸಣ್ಣ ಜಿ, ಪಿ, ವೈಗಳಲ್ಲಿ ಬೇಸ್‌ಲೈನ್‌ನ ಕೆಳಗೆ ಇಳಿಯುವ ಭಾಗ ಡಿಸೆಂಡರ್.

ಇಲ್ಲಿ ಎಲ್ಲರಿಗೂ ಗೊಂದಲ ಮಾಡುವ ವಿಷಯ ಒಂದಿದೆ. ‘ಹನ್ನೆರಡು ಪಾಯಿಂಟ್’ ಅನ್ನುತ್ತೇವಲ್ಲ, ಅದು ಯಾವುದರ ಅಳತೆ? ಅಕ್ಷರದ ಎತ್ತರ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಸೀಸದ ಮೊಳೆಗಳ ಕಾಲದಲ್ಲಿ ಅದು ಅಕ್ಷರ ಕೂತಿರುವ ಲೋಹದ ತುಂಡಿನ ಅಳತೆಯಾಗಿತ್ತು. ಇವತ್ತು ಲೋಹ ಇಲ್ಲ, ಆದರೆ ಕಣ್ಣಿಗೆ ಕಾಣದ ಆ ಚೌಕ ಹಾಗೆಯೇ ಉಳಿದಿದೆ. ಕಂಪ್ಯೂಟರಿನಲ್ಲಿ ಒಂದು ಪಾಯಿಂಟ್ ಎಂದರೆ ಅಂಗುಲದ 72ನೇ ಒಂದು ಪಾಲು. ಆ ಚೌಕದೊಳಗೆ ಅಕ್ಷರ ಎಷ್ಟು ಜಾಗ ತುಂಬಬೇಕು ಎಂಬುದು ವಿನ್ಯಾಸಕಾರನಿಗೆ ಬಿಟ್ಟದ್ದು. ವರ್ಡಾನಾ ಎಂಬ ಫಾಂಟಿನಲ್ಲಿ ಎಕ್ಸ್-ಹೈಟ್ ಚೌಕದ ಅರ್ಧಕ್ಕಿಂತ ಜಾಸ್ತಿ. ಟೈಮ್ಸ್ ನ್ಯೂ ರೋಮನ್‌ನಲ್ಲಿ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಎರಡನ್ನೂ ಒಂದೇ ಪಾಯಿಂಟಿನಲ್ಲಿ ಇಟ್ಟರೆ ವರ್ಡಾನಾ ಎದ್ದು ಕಾಣುತ್ತದೆ.

ಕನ್ನಡಕ್ಕೆ ಬಂದರೆ ಈ ಲೆಕ್ಕ ಇನ್ನೂ ಬಿಗಿ. ನಮ್ಮಲ್ಲಿ ಅಕ್ಷರದ ಮೈ ಒಂದು ಪಟ್ಟಿ. ಅದರ ಮೇಲೆ ತಲೆಕಟ್ಟು, ಗುಡಿಸು, ಏತ್ವಗಳಿಗೆ ಒಂದು ಪಟ್ಟಿ ಬೇಕು. ಕೆಳಗೆ ಒತ್ತಕ್ಷರಕ್ಕೆ ಒಂದು ಪಟ್ಟಿ. ‘ರಾಷ್ಟ್ರ’ದಂಥ ಪದ ಬಂದರೆ ಎರಡು ಒತ್ತುಗಳಿಗೆ ಜಾಗ ಬೇಕು. ಇಷ್ಟನ್ನೂ ಅದೇ ಚೌಕದೊಳಗೆ ಹಿಡಿಸಲು ಹೋದರೆ ಕುಗ್ಗುವುದು ಅಕ್ಷರದ ಮೈ. ಅದಕ್ಕೇ ಕನ್ನಡ ಮತ್ತು ಇಂಗ್ಲಿಷ್ ಪದಗಳನ್ನು ಒಂದೇ ಪಾಯಿಂಟಿನಲ್ಲಿ ಪಕ್ಕಪಕ್ಕ ಇಟ್ಟಾಗ ಎಷ್ಟೋ ಸಲ ಒಂದು ದೊಡ್ಡದಾಗಿ, ಇನ್ನೊಂದು ಸೊರಗಿದಂತೆ ಕಾಣುತ್ತದೆ. ಎರಡೂ ಲಿಪಿ ಬರುವ ಪುಟ ಮಾಡುವವರು ಪಾಯಿಂಟಿನ ಅಂಕಿಯನ್ನು ನಂಬಬಾರದು. ಕಣ್ಣಿಗೆ ಸಮ ಕಾಣುವವರೆಗೆ ಒಂದನ್ನು ಹಿಗ್ಗಿಸಬೇಕು ಅಥವಾ ಇನ್ನೊಂದನ್ನು ತಗ್ಗಿಸಬೇಕು.

ಗೆರೆಗಳು ಇಷ್ಟು ಸಾಕು. ಇನ್ನು ಅಂಗಗಳು. ರೋಮನ್ ಲಿಪಿಯ ಹೆಸರುಗಳನ್ನು ಬೇಗ ನೋಡಿಬಿಡೋಣ. ನೇರವಾಗಿ ನಿಂತ ಮುಖ್ಯ ಗೀಟು ಸ್ಟೆಮ್. ಸಣ್ಣ ಬಿ, ಡಿ, ಪಿಗಳ ಹೊಟ್ಟೆಯ ದುಂಡು ಬೌಲ್. ಸಣ್ಣ ಎನ್, ಎಚ್‌ಗಳಲ್ಲಿ ಸ್ಟೆಮ್‌ನಿಂದ ಹೊರಟು ಬಾಗುವ ಭಾಗ ಶೋಲ್ಡರ್. ದೊಡ್ಡ ಎ, ಎಚ್ ಮತ್ತು ಸಣ್ಣ ಇ ಅಕ್ಷರಗಳ ನಡುವಿನ ಅಡ್ಡಗೀಟು ಕ್ರಾಸ್‌ಬಾರ್. ಎಸ್‌ನ ನಡುವಿನ ಡೊಂಕು ಸ್ಪೈನ್. ಕ್ಯೂಗೆ ಬಾಲ, ಹಳೆಯ ಶೈಲಿಯ ಸಣ್ಣ ಜಿಗೆ ಒಂದು ಕಿವಿ. ಗೀಟಿನ ಕೊನೆಯಲ್ಲಿ ಚಾಚಿಕೊಂಡ ಪಾದ ಸೆರಿಫ್.

ನಮ್ಮ ಪ್ರಶ್ನೆಯನ್ನು ಇಲ್ಲಿ ಹಾಕಿ ನೋಡಿ. ಸಣ್ಣ ಇ ಅಕ್ಷರದ ಅಡ್ಡಗೀಟು ತೆಗೆದರೆ ಅದು ಸಿ ಆಗಿಬಿಡುತ್ತದೆ. ಆ ಗೀಟು ಗುರುತು. ಎನ್‌ನ ಸೆರಿಫ್ ತೆಗೆದರೆ ಅದು ಎನ್ ಆಗಿಯೇ ಉಳಿಯುತ್ತದೆ. ಅಲ್ಲಿ ಸೆರಿಫ್ ಅಂದ. ಆದರೆ ದೊಡ್ಡ ಐ, ಸಣ್ಣ ಎಲ್, ಅಂಕಿ ಒಂದು, ಈ ಮೂರನ್ನು ನೋಡಿ. ಎಷ್ಟೋ ಫಾಂಟುಗಳಲ್ಲಿ ಮೊದಲ ಎರಡು ಬರೀ ಒಂದೊಂದು ನೆಟ್ಟ ಗೀಟು. ಪಾಸ್‌ವರ್ಡ್ ಟೈಪ್ ಮಾಡುವಾಗ ಇದರ ಕಷ್ಟ ಎಲ್ಲರಿಗೂ ಗೊತ್ತು. ಪರದೆಗಾಗಿ ವರ್ಡಾನಾ ರೂಪಿಸಿದ ಮ್ಯಾಥ್ಯೂ ಕಾರ್ಟರ್ ಅದರ ಬಹುತೇಕ ಅಕ್ಷರಗಳಿಗೆ ಸೆರಿಫ್ ಕೊಡಲಿಲ್ಲ, ಆದರೆ ದೊಡ್ಡ ಐಗೆ ಮೇಲೆ ಕೆಳಗೆ ಅಡ್ಡಗೀಟು ಕೊಟ್ಟರು. ಬೇರೆ ಕಡೆ ಅಂದವಾಗಿದ್ದ ಅಂಗ ಅಲ್ಲಿ ಗುರುತಾಯಿತು. ಅದು ಬಂದದ್ದು 1996ರಲ್ಲಿ. ನನ್ನ ಮಟ್ಟಿಗೆ ಇದು ಬಹಳ ವಿವೇಕದ ತೀರ್ಮಾನ. ನಿಯಮ ಮುರಿಯುತ್ತದೆ ಎಂದು ಅವರು ಹಿಂಜರಿಯಲಿಲ್ಲ.

ಒಂದು ಅಂಗವನ್ನು ಬೇಕಂತಲೇ ಬಿಟ್ಟಿದ್ದೆ, ನಿಧಾನವಾಗಿ ಹೇಳಬೇಕೆಂದು. ಅದು ಕೌಂಟರ್. ಅಕ್ಷರದ ಒಳಗಿನ ಖಾಲಿ ಜಾಗ. ಸಣ್ಣ ಓ ಒಳಗಿನ ಬಿಳಿ, ಎನ್‌ನ ಎರಡು ಕಾಲುಗಳ ನಡುವಿನ ಬಿಳಿ. ಕನ್ನಡದಲ್ಲಿ ರ ಅಕ್ಷರದ ಹೊಟ್ಟೆಯೊಳಗಿನ ಬಿಳಿ.

ಶಾಯಿ ಇಲ್ಲದ ಜಾಗವನ್ನು ಅಂಗ ಎಂದು ಕರೆಯುವುದು ವಿಚಿತ್ರ ಅನಿಸಬಹುದು. ಆದರೆ ಅಚ್ಚಿನ ಮೊಳೆ ಹೇಗೆ ತಯಾರಾಗುತ್ತಿತ್ತು ಎಂದು ತಿಳಿದರೆ ವಿಚಿತ್ರ ಅನಿಸುವುದಿಲ್ಲ. ಕುಶಲಕರ್ಮಿ ಮೊದಲು ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೆತ್ತುತ್ತಿದ್ದ. ಅದನ್ನು ಪಂಚ್ ಎನ್ನುತ್ತಾರೆ. ಕಾಯಿಸಿ ಗಟ್ಟಿ ಮಾಡಿದ ಪಂಚನ್ನು ತಾಮ್ರದ ತುಂಡಿನ ಮೇಲಿಟ್ಟು ಹೊಡೆದರೆ ಅಚ್ಚಿನ ಗುಳಿ ಬೀಳುತ್ತಿತ್ತು. ಆ ಗುಳಿಗೆ ಸೀಸ, ತವರ, ಆಂಟಿಮನಿ ಬೆರೆತ ಲೋಹ ಸುರಿದರೆ ಮೊಳೆ ಸಿದ್ಧ. ಈಗ ಪಂಚಿನ ಮೇಲೆ ಓ ಕೆತ್ತಬೇಕು. ಹೊರಗಡೆ ಅರದಿಂದ ಉಜ್ಜಬಹುದು. ಒಳಗಿನ ಪುಟ್ಟ ಗುಳಿಯನ್ನು ಏನು ಮಾಡುವುದು? ಅದಕ್ಕೆ ಒಳಜಾಗದ ಆಕಾರದ್ದೇ ಇನ್ನೊಂದು ಪಂಚ್ ಮಾಡಿ, ಮೊದಲು ಅದನ್ನು ಉಕ್ಕಿನೊಳಗೆ ಹೊಡೆದು ಗುಳಿ ಮಾಡುತ್ತಿದ್ದರು. ಆಮೇಲೆ ಆ ಗುಳಿಯ ಸುತ್ತ ಅಕ್ಷರವನ್ನು ಉಜ್ಜಿ ರೂಪಿಸುತ್ತಿದ್ದರು. ಅಂದರೆ ಬಿಳಿ ಮೊದಲು, ಕಪ್ಪು ಆಮೇಲೆ. ಒಂದೇ ಒಳಜಾಗದ ಪಂಚನ್ನು ಹೋಲುವ ಹಲವು ಅಕ್ಷರಗಳಿಗೆ ಬಳಸಬಹುದಿತ್ತು. ಹಾಗೆ ಮಾಡಿದಾಗ ಅವುಗಳ ಹೊಟ್ಟೆಗಳಿಗೆ ತಾವಾಗಿಯೇ ಒಂದು ಹೊಂದಾಣಿಕೆ ಬರುತ್ತಿತ್ತು.

ಕೌಂಟರ್ ಸಣ್ಣದಾದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಒಳ್ಳೆಯ ಉದಾಹರಣೆ ಇದೆ. ರ ಮತ್ತು ಠ. ಇವೆರಡರ ನಡುವಿನ ವ್ಯತ್ಯಾಸ ಒಳಗಿನ ಒಂದು ಚುಕ್ಕೆ. ಮರ ಮತ್ತು ಮಠ ಬೇರೆಯಾಗುವುದು ಆ ಚುಕ್ಕೆಯಿಂದ. ಅಕ್ಷರ ಚಿಕ್ಕದಾಗುತ್ತಾ ಹೋದಂತೆ, ಗೀಟು ದಪ್ಪವಾಗುತ್ತಾ ಹೋದಂತೆ ಆ ಚುಕ್ಕೆಯ ಸುತ್ತಲಿನ ಬಿಳಿ ಮುಚ್ಚಿಹೋಗುತ್ತದೆ. ಚುಕ್ಕೆ ಕಾಣಬೇಕಾದರೆ ಚುಕ್ಕೆಗಿಂತ ಅದರ ಸುತ್ತಲಿನ ಬಿಳಿ ಮುಖ್ಯ. ಪ ಮತ್ತು ಷ ಕೂಡ ಹೀಗೆಯೇ, ವ್ಯತ್ಯಾಸ ಹೊಟ್ಟೆಯೊಳಗಿದೆ. ಬೋಲ್ಡ್ ಫಾಂಟ್ ಮಾಡುವವರು ಎಲ್ಲ ಅಕ್ಷರಕ್ಕೂ ಒಂದೇ ಪ್ರಮಾಣದಲ್ಲಿ ದಪ್ಪ ಸೇರಿಸಿದರೆ ಮೊದಲು ಸಾಯುವುದು ಠ, ಷ, ಘ, ಝ. ಒಳಗೆ ಗೀಟು ಜಾಸ್ತಿ ಇರುವ ಅಕ್ಷರಗಳಲ್ಲಿ ದಪ್ಪವನ್ನು ಸ್ವಲ್ಪ ತಗ್ಗಿಸಬೇಕು, ಇಲ್ಲವೇ ಅಕ್ಷರವನ್ನು ಅಗಲ ಮಾಡಬೇಕು. ಒಳ್ಳೆಯ ಬೋಲ್ಡ್ ಮತ್ತು ಕೆಟ್ಟ ಬೋಲ್ಡ್ ನಡುವಿನ ವ್ಯತ್ಯಾಸ ಇಲ್ಲೇ ಗೊತ್ತಾಗುತ್ತದೆ.

ಒಳಗಿನ ಬಿಳಿ ಹೊರಗಿನ ಬಿಳಿಯನ್ನು ಸೇರುವ ಬಾಗಿಲಿಗೆ ಅಪರ್ಚರ್ ಎಂದು ಹೆಸರು. ಸಣ್ಣ ಸಿ, ಇ, ಎಸ್ ಅಕ್ಷರಗಳ ತೆರೆದ ಬಾಯಿ. 1957ರಲ್ಲಿ ಬಂದ ಹೆಲ್ವೆಟಿಕಾ ಫಾಂಟಿನಲ್ಲಿ ಈ ಬಾಯಿ ಬಹುಪಾಲು ಮುಚ್ಚಿದೆ. ಗೀಟಿನ ತುದಿಗಳು ಒಳಕ್ಕೆ ಸುತ್ತಿಕೊಂಡು ಸಪಾಟಾಗಿ ನಿಲ್ಲುತ್ತವೆ. ದೊಡ್ಡ ಗಾತ್ರದಲ್ಲಿ ಬಹಳ ಚೆಂದ. ಏಡ್ರಿಯನ್ ಫ್ರುಟಿಗರ್ ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ವಿಮಾನ ನಿಲ್ದಾಣದ ಫಲಕಗಳಿಗಾಗಿ ಅಕ್ಷರ ರೂಪಿಸುವಾಗ ಈ ಬಾಯಿಗಳನ್ನು ಅಗಲವಾಗಿ ತೆರೆದರು. ಅವರದೇ ಹೆಸರಿನ ಆ ಅಕ್ಷರ ಕುಟುಂಬ 1976ರಲ್ಲಿ ಅಚ್ಚಿಗೂ ಬಂತು. ನಡೆಯುತ್ತಾ, ದೂರದಿಂದ, ಓರೆಯಾಗಿ ನೋಡುವವನಿಗೆ ಬಾಯಿ ಮುಚ್ಚಿದ ಸಿ ಓನಂತೆ ಕಾಣಬಹುದು. ಬಾಯಿ ತೆರೆದ ಸಿ ಹಾಗೆ ಮೋಸ ಮಾಡುವುದಿಲ್ಲ. ದಾರಿ ತೋರುವ ಫಲಕಗಳಿಗೆ ನಾನು ಯಾವಾಗಲೂ ತೆರೆದ ಬಾಯಿಯ ಅಕ್ಷರಗಳನ್ನೇ ಆರಿಸಿ ಎನ್ನುತ್ತೇನೆ.

ಈಗ ನಮ್ಮ ಅಂಗಗಳಿಗೆ ಬರೋಣ. ಅಕ್ಷರದ ಅಂಗಗಳಿಗೆ ಹೆಸರಿಡುವುದು ನಮಗೆ ಹೊಸದಲ್ಲ. ಕಾಗುಣಿತ ಕಲಿತದ್ದು ನೆನಪಿಸಿಕೊಳ್ಳಿ. ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಕೊಂಬು ಕು, ಕ ವಟ್ರಸುಳಿ ಕೃ, ಕ ಏತ್ವ ಕೆ. ಆರು ವರ್ಷದ ಮಗು ಇದನ್ನು ರಾಗವಾಗಿ ಹೇಳುತ್ತದೆ. ರೋಮನ್ ಲಿಪಿಯ ಅಂಗಗಳ ಹೆಸರು ಅಚ್ಚಿನ ಕೆಲಸದವರ ವಲಯದಲ್ಲಿ ಉಳಿದವು. ನಮ್ಮವು ಪಾಟಿಯ ಮೇಲೆ ಬಳಪ ಹಿಡಿದ ಎಲ್ಲರ ಬಾಯಲ್ಲೂ ಇವೆ. ಇದು ದೊಡ್ಡ ಆಸ್ತಿ ಎಂದು ನಾನು ನಂಬಿದ್ದೇನೆ. ಫಾಂಟಿನ ಬಗ್ಗೆ ಮಾತಾಡುವಾಗ ‘ಈ ಗುಡಿಸು ತುಂಬಾ ಚಪ್ಪಟೆ’, ‘ಕೊಂಬು ಮೈಗೆ ಅಂಟಿಕೊಂಡಿದೆ’ ಎಂದು ಹೇಳಿದರೆ ಯಾವ ಕನ್ನಡಿಗನಿಗೂ ಅರ್ಥವಾಗುತ್ತದೆ.

ಇವುಗಳಲ್ಲಿ ತಲೆಕಟ್ಟಿನ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ. ಎಲ್ಲ ವ್ಯಂಜನಕ್ಕೂ ತಲೆಕಟ್ಟು ಇಲ್ಲ. ಖ, ಙ, ಜ, ಞ, ಟ, ಣ, ಬ, ಲ, ಇವಕ್ಕೆ ಇಲ್ಲ. ಉಳಿದವಕ್ಕೆ ಇದೆ. ಅಶೋಕನ ಕಾಲದ ಬ್ರಾಹ್ಮಿ ಅಕ್ಷರಗಳ ನೆತ್ತಿ ಬೋಳು. ಮುಂದೆ ಅಕ್ಷರದ ತಲೆಯ ಮೇಲೆ ಚಿಕ್ಕ ಗುರುತು ಮೂಡಿತು. ಕದಂಬರ ತಾಳಗುಂದದ ಕಂಬದ ಶಾಸನದಲ್ಲಿ ಅದು ಪುಟ್ಟ ಪೆಟ್ಟಿಗೆಯ ಹಾಗೆ ಕಾಣುತ್ತದೆ. ಕನ್ನಡ ಮತ್ತು ತೆಲುಗು ಲಿಪಿಗಳು ಶತಮಾನಗಳ ಕಾಲ ಒಂದೇ ಆಗಿದ್ದವು. ಬೇರೆಯಾದ ಮೇಲೆ ತೆಲುಗಿನವರ ತಲೆಕಟ್ಟು ಸರಿ ಗುರುತಿನ ಹಾಗೆ ಮೇಲಕ್ಕೆ ಚಿಮ್ಮಿತು. ನಮ್ಮದು ಅಡ್ಡಡ್ಡ ಮಲಗಿ ತುದಿಯಲ್ಲಿ ಬಾಗಿತು. ಒಂದು ಸಾಲನ್ನು ದೂರದಿಂದ ನೋಡಿ ಇದು ಕನ್ನಡ, ಇದು ತೆಲುಗು ಎಂದು ಹೇಳುತ್ತೀರಲ್ಲ, ಅದರಲ್ಲಿ ದೊಡ್ಡ ಪಾಲು ತಲೆಕಟ್ಟಿನದು.

ಈಗ ಪ್ರಶ್ನೆ: ತಲೆಕಟ್ಟು ಗುರುತೋ ಅಂದವೋ? ಪ ಅಕ್ಷರದ ತಲೆಕಟ್ಟು ತೆಗೆದರೂ ಸಂದರ್ಭ ನೋಡಿ ಪ ಎಂದೇ ಓದುತ್ತೇವೆ. ಕಂಪನಿಗಳ ಲೋಗೋ, ಸಿನಿಮಾ ಶೀರ್ಷಿಕೆಗಳಲ್ಲಿ ಹಾಗೆ ತೆಗೆದದ್ದನ್ನು ನೋಡಿದ್ದೀರಿ. ಆದರೆ ರ ಅಕ್ಷರದ ತಲೆಕಟ್ಟು ತೆಗೆಯಿರಿ. ಉಳಿಯುವುದು ಒಂದು ಸೊನ್ನೆ. ಅಲ್ಲಿ ಅದು ಪೂರ್ತಿ ಗುರುತು. ಇನ್ನೂ ದೊಡ್ಡ ಸಂಗತಿ ಎಂದರೆ, ತಲೆಕಟ್ಟು ಕೂರುವ ಜಾಗವೇ ಸ್ವರಗಳು ಬಂದು ಕೂರುವ ಜಾಗ. ಕಿ ಆಗುವಾಗ ತಲೆಕಟ್ಟು ಹೋಗಿ ಗುಡಿಸು ಬರುತ್ತದೆ. ಕೆ ಆಗುವಾಗ ಏತ್ವ ಬರುತ್ತದೆ. ಕಾ ಆಗುವಾಗ ಅದೇ ಗೀಟು ಬಲಕ್ಕೆ ಚಾಚಿ ಕೆಳಕ್ಕೆ ಇಳಿಯುತ್ತದೆ. ತಲೆಕಟ್ಟು ಇದ್ದರೆ ‘ಇಲ್ಲಿರುವುದು ಅಕಾರ, ಅಥವಾ ಸ್ವರ ಬೇರೆ ಕಡೆ ಇದೆ, ಬಲಕ್ಕೋ ಕೆಳಕ್ಕೋ ನೋಡು’ ಎಂದು ಅರ್ಥ. ಅದು ಓದುವವನಿಗೆ ಕೊಡುವ ಸುದ್ದಿ. ಹಾಗಾಗಿ ಓದುವ ಪಠ್ಯದ ಫಾಂಟಿನಲ್ಲಿ ತಲೆಕಟ್ಟನ್ನು ಸವರಿಹಾಕುವುದು ನನಗೆ ಒಪ್ಪಿಗೆ ಇಲ್ಲ. ಶೀರ್ಷಿಕೆಯಲ್ಲಿ ಬೇಕಾದರೆ ಮಾಡಿ.

ಕೊಂಬಿನ ವಿಷಯದಲ್ಲಿ ನಮ್ಮ ಹಿಂದಿನ ಬರಹಗಾರರ ಜಾಣತನ ಕಾಣುತ್ತದೆ. ಕು, ಗು, ತುಗಳಲ್ಲಿ ಕೊಂಬು ಅಕ್ಷರದ ಬಲಗಡೆಗೆ ಅಂಟಿ ಮೇಲಕ್ಕೆ ಬಾಗುತ್ತದೆ. ವ ಅಕ್ಷರಕ್ಕೂ ಅದೇ ಥರ ಅಂಟಿಸಿದರೆ ಏನಾಗುತ್ತದೆ? ಅದು ಮ ಆಗಿಬಿಡುತ್ತದೆ. ಏಕೆಂದರೆ ಮ ಕಾಣುವುದೇ ವ ಪಕ್ಕದಲ್ಲಿ ಕೊಂಬು ಎದ್ದ ಹಾಗೆ. ಅದಕ್ಕೇ ವು ಬರೆಯುವಾಗ ಕೊಂಬು ಕೆಳಗಿನಿಂದ ಜೋತು ಹೊರಡುತ್ತದೆ. ಪು, ಫುಗಳಲ್ಲೂ ಹಾಗೆ. ಒಂದೇ ಅಂಗಕ್ಕೆ ಎರಡು ಜಾಗ, ಗೊಂದಲ ತಪ್ಪಿಸಲು. ಈ ಸೂಕ್ಷ್ಮ ಗೊತ್ತಿಲ್ಲದೆ ಒಂದೇ ಕೊಂಬನ್ನು ಎಲ್ಲ ಅಕ್ಷರಕ್ಕೂ ಅಂಟಿಸಿದ ಫಾಂಟಿನಲ್ಲಿ ‘ಹೂವು’ ಓದುವಾಗ ಕಣ್ಣು ಒಂದು ಕ್ಷಣ ಮುಗ್ಗರಿಸುತ್ತದೆ.

ಒತ್ತಕ್ಷರಗಳಲ್ಲಿ ಎರಡು ಗುಂಪು. ಗ್ಗ, ಬ್ಬ, ಡ್ಡಗಳಲ್ಲಿ ಒತ್ತು ಎಂದರೆ ಮೂಲ ಅಕ್ಷರದ್ದೇ ಚಿಕ್ಕ ರೂಪ, ತಲೆಕಟ್ಟು ಇಲ್ಲದೆ. ತ್ತ, ನ್ನ, ಮ್ಮ, ಯ್ಯ, ರ್ರ, ಲ್ಲಗಳಲ್ಲಿ ಒತ್ತಿನ ಆಕಾರವೇ ಬೇರೆ. ಮತ್ತೆ ಮತ್ತೆ ಬರೆಯುವ ರೂಪ ಕೈಯಲ್ಲಿ ಸವೆದು ಸರಳವಾಗುತ್ತದೆ. ಈ ಆರೂ ಕನ್ನಡದಲ್ಲಿ ಎಷ್ಟು ಸಲ ಬರುತ್ತವೆ ಎಂದು ಯಾವ ಪುಟ ತೆರೆದರೂ ಕಾಣುತ್ತದೆ. ಇಲ್ಲಿ ಫಾಂಟ್ ಮಾಡುವವರು ಬೀಳುವ ಗುಂಡಿ ಒಂದಿದೆ. ದೊಡ್ಡ ಬ ತೆಗೆದುಕೊಂಡು ಅರ್ಧಕ್ಕೆ ಕುಗ್ಗಿಸಿ ಕೆಳಗೆ ಇಟ್ಟರೆ ಒತ್ತು ಆಯಿತು ಅಂದುಕೊಳ್ಳುತ್ತಾರೆ. ಕುಗ್ಗಿಸಿದಾಗ ಗೀಟಿನ ದಪ್ಪವೂ ಅರ್ಧವಾಗುತ್ತದೆ. ಮೇಲಿನ ಅಕ್ಷರ ಕಪ್ಪಗೆ, ಕೆಳಗಿನ ಒತ್ತು ಪೇಲವ. ಒತ್ತನ್ನು ಬೇರೆಯಾಗಿಯೇ ಬರೆಯಬೇಕು. ಗಾತ್ರ ಚಿಕ್ಕದಿರಲಿ, ಗೀಟಿನ ದಪ್ಪ ಮೇಲಿನದಕ್ಕೆ ಹತ್ತಿರ ಇರಲಿ, ಒಳಗಿನ ಬಿಳಿ ಸ್ವಲ್ಪ ಜಾಸ್ತಿ ಇರಲಿ.

ಒಟ್ಟು ಎಷ್ಟು ರೂಪ ಆಗಬಹುದು ಎಂದು ಲೆಕ್ಕ ಹಾಕೋಣ. ವ್ಯಂಜನ 34, ಸ್ವರ 13. ಬರೀ ಗುಣಿತಾಕ್ಷರಗಳೇ 442. ಒಂದು ಒತ್ತು ಸೇರಿಸಿದರೆ 34ರಿಂದ ಇನ್ನೊಮ್ಮೆ ಗುಣಿಸಿ: 15,028. ಇವುಗಳಲ್ಲಿ ಭಾಷೆಯಲ್ಲಿ ಬಳಕೆಯಾಗುವುದು ಒಂದು ಪಾಲು ಮಾತ್ರ, ನಿಜ. ಆದರೂ ಇಷ್ಟನ್ನು ಒಂದೊಂದಾಗಿ ಕೆತ್ತಿ ಮೊಳೆ ಮಾಡಲು ಯಾರಿಂದಲೂ ಸಾಧ್ಯವಿಲ್ಲ. ಮೊಳೆ ಜೋಡಿಸುವ ಕಾಲದಲ್ಲೂ, ಟೈಪ್‌ರೈಟರಿನಲ್ಲೂ ಅಕ್ಷರವನ್ನು ಅಂಗಗಳಾಗಿ ಒಡೆದೇ ಕೆಲಸ ಮಾಡಿದ್ದು. ಮೈ ಬೇರೆ, ಕೊಂಬು ಬೇರೆ, ಒತ್ತು ಬೇರೆ. ಇವತ್ತಿನ ಯುನಿಕೋಡ್ ಫಾಂಟಿನೊಳಗೂ ಅಂಗಗಳೇ ಇರುವುದು, ಜೊತೆಗೆ ಯಾವುದು ಯಾವಾಗ ಎಲ್ಲಿ ಕೂರಬೇಕು ಎಂಬ ನಿಯಮಗಳು. ‘ಧರ್ಮ’ ಪದದಲ್ಲಿ ನೀವು ಮೊದಲು ರ್ ಒತ್ತುತ್ತೀರಿ, ಆಮೇಲೆ ಮ. ಪರದೆಯಲ್ಲಿ ಅರ್ಕಾವತ್ತು ಮ ಆದ ಮೇಲೆ ಬಂದು ನಿಲ್ಲುತ್ತದೆ. ಆ ಸ್ಥಾನಪಲ್ಲಟವನ್ನು ತಂತ್ರಾಂಶ ಮಾಡುತ್ತದೆ. ಅಕ್ಷರದ ಅಂಗರಚನೆ ನಮ್ಮಲ್ಲಿ ಬರೀ ಚಿತ್ರದ ವಿಷಯವಾಗಿ ಉಳಿದಿಲ್ಲ, ಅದು ಪ್ರೋಗ್ರಾಮಿಂಗ್ ಕೂಡ.

ದಪ್ಪ ಗೀಟು, ತೆಳು ಗೀಟು ಎಲ್ಲಿಂದ ಬಂತು ಎಂದು ಚಿಕ್ಕದಾಗಿ ಹೇಳುತ್ತೇನೆ. ಅಗಲ ಮೂತಿಯ ಲೇಖನಿಯನ್ನು ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು ಓ ಬರೆದು ನೋಡಿ. ಕೆಲವು ಕಡೆ ಗೀಟು ತಾನಾಗಿ ದಪ್ಪ, ಕೆಲವು ಕಡೆ ತೆಳು. ರೋಮನ್ ಅಕ್ಷರದ ದಪ್ಪ-ತೆಳುವಿನ ಹಂಚಿಕೆ ಮೂಲದಲ್ಲಿ ಕೈ ಮಾಡಿದ್ದು. ಸೆರಿಫ್ ಬಗ್ಗೆಯೂ ಅಂಥದೇ ವಾದ ಇದೆ. ರೋಮಿನ ಟ್ರಾಜನ್ ಸ್ತಂಭದ ಬರಹ ಕ್ರಿ.ಶ. 113ರದು. ಅದರ ಸೆರಿಫ್ ಉಳಿಯಿಂದ ಹುಟ್ಟಿತು ಎಂದು ಬಹಳ ಜನ ನಂಬಿದ್ದರು. ಕೆತ್ತುವ ಮೊದಲು ಚಪ್ಪಟೆ ಕುಂಚದಿಂದ ಕಲ್ಲಿನ ಮೇಲೆ ಬರೆಯುತ್ತಿದ್ದರು, ಸೆರಿಫ್ ಆ ಕುಂಚದ ಕೊಡುಗೆ ಎಂದು ಎಡ್ವರ್ಡ್ ಕ್ಯಾಟಿಚ್ ತೋರಿಸಿದರು. ಸ್ವತಃ ಕುಂಚ ಹಿಡಿದು ಬರೆದು, ಉಳಿ ಹಿಡಿದು ಕೆತ್ತಿ ಪರೀಕ್ಷೆ ಮಾಡಿದವರು ಅವರು. ನಮ್ಮ ಅಕ್ಷರದ ದುಂಡಿಗೂ ಸಾಧನವೇ ಕಾರಣ ಎನ್ನುತ್ತಾರೆ. ತಾಳೆಗರಿಯ ಮೇಲೆ ಕಂಠ ಎಂಬ ಚೂಪು ಲೋಹದ ಕಡ್ಡಿಯಿಂದ ಕೊರೆಯುವಾಗ ನಾರಿನ ಗುಂಟ ನೇರ ಗೀಟು ಎಳೆದರೆ ಗರಿ ಸೀಳುತ್ತದೆ. ದುಂಡಗೆ ತಿರುಗಿಸಿದರೆ ಉಳಿಯುತ್ತದೆ.

ಇನ್ನು ನನಗೆ ಬಹಳ ಇಷ್ಟದ ಭಾಗ. ಅಳತೆಪಟ್ಟಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಅಕ್ಷರದ ವಿಷಯದಲ್ಲಿ ಕಣ್ಣು ಹೇಳಿದ್ದೇ ಸರಿ.

ಒಂದೇ ಎತ್ತರದ ಚೌಕ ಮತ್ತು ವೃತ್ತ ಬರೆಯಿರಿ. ವೃತ್ತ ಚಿಕ್ಕದಾಗಿ ಕಾಣುತ್ತದೆ. ಯಾಕೆಂದರೆ ಚೌಕ ಗೆರೆಯನ್ನು ಉದ್ದಕ್ಕೂ ಮುಟ್ಟುತ್ತದೆ, ವೃತ್ತ ಒಂದೇ ಬಿಂದುವಿನಲ್ಲಿ ಮುಟ್ಟುತ್ತದೆ. ಅದಕ್ಕೇ ಓ ಅಕ್ಷರವನ್ನು ಮೇಲೂ ಕೆಳಗೂ ಗೆರೆ ದಾಟಿಸಿ ಬರೆಯುತ್ತಾರೆ. ಎತ್ತರದ ನೂರರಲ್ಲಿ ಒಂದೆರಡು ಪಾಲು. ಇದು ಓವರ್‌ಶೂಟ್. ದೊಡ್ಡ ಎ ಅಕ್ಷರದ ಚೂಪು ನೆತ್ತಿಯೂ ಹೀಗೆ ದಾಟಬೇಕು. ಹಾಗಾದರೆ ಕನ್ನಡದ ಗತಿ ಏನು? ನಮ್ಮ ಅಕ್ಷರಗಳ ಪಾದ ಬಹುಪಾಲು ದುಂಡು. ಸಪಾಟು ಪಾದದ ಅಕ್ಷರ ಕಡಿಮೆ. ಹಾಗಾಗಿ ನಮ್ಮ ಬೇಸ್‌ಲೈನ್ ಎಂದರೆ ದುಂಡುಗಳು ಸೇರಿ ಕಣ್ಣಿಗೆ ಮೂಡಿಸುವ ಗೆರೆ. ಒಂದೇ ಹೊಟ್ಟೆಯ ರ ಮತ್ತು ಎರಡು ಹೊಟ್ಟೆಯ ನಡುವೆ ಮಡಿಕೆ ಇರುವ ಅಕ್ಷರ, ಎರಡೂ ಒಂದೇ ಮಟ್ಟದಲ್ಲಿ ಕೂತಂತೆ ಕಾಣಲು ಬೇರೆ ಬೇರೆ ಆಳಕ್ಕೆ ಇಳಿಯಬೇಕಾಗಬಹುದು. ಇಂಗ್ಲಿಷ್ ಪದ ಪಕ್ಕಕ್ಕೆ ಬಂದಾಗಲಂತೂ ಅದು ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು: ಅಡ್ಡಗೀಟು ಮತ್ತು ನೆಟ್ಟಗೀಟು ಅಳತೆಯಲ್ಲಿ ಸಮ ಇದ್ದರೆ ಅಡ್ಡಗೀಟು ದಪ್ಪ ಕಾಣುತ್ತದೆ. ಹಾಗಾಗಿ ಅದನ್ನು ಕೊಂಚ ತೆಳು ಮಾಡಬೇಕು. ತಲೆಕಟ್ಟಿನ ವಿಷಯದಲ್ಲಿ ಇದನ್ನು ನೆನಪಿಡಿ. ಅದು ಅಡ್ಡಗೀಟು, ಸಾಲಿನುದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಮೈಯ ಗೀಟಿನಷ್ಟೇ ದಪ್ಪ ಇಟ್ಟರೆ ಇಡೀ ಸಾಲು ತಲೆಭಾರವಾಗಿ ಕಾಣುತ್ತದೆ. ಇನ್ನು ಅಂಕಿ ಎಂಟು ಅಥವಾ ದೊಡ್ಡ ಎಸ್. ಅದರ ಎರಡು ಅರ್ಧಗಳು ಸಮ ಎಂದು ಕಾಣುತ್ತದೆ, ಅಲ್ವಾ? ಮುದ್ರಿಸಿದ ಹಾಳೆಯನ್ನು ತಲೆಕೆಳಗು ಮಾಡಿ. ಮೇಲಿನದು ಎಷ್ಟು ಚಿಕ್ಕದಿತ್ತು ಎಂದು ಆಗ ಗೊತ್ತಾಗುತ್ತದೆ.

ಗಣಿತದಿಂದಲೇ ಅಕ್ಷರ ಮಾಡುತ್ತೇವೆ ಎಂದು ಹೊರಟವರೂ ಇದ್ದರು. ಫ್ರಾನ್ಸಿನಲ್ಲಿ 14ನೇ ಲೂಯಿಯ ಕಾಲಕ್ಕೆ, 1692ರ ಸುಮಾರಿಗೆ, ರಾಜನ ಮುದ್ರಣಾಲಯಕ್ಕೆ ಹೊಸ ಅಕ್ಷರ ರೂಪಿಸಲು ವಿದ್ವಾಂಸರ ಸಮಿತಿ ಕೂತಿತು. ಒಂದು ಚೌಕವನ್ನು 64 ಮನೆಗಳಾಗಿ, ಪ್ರತಿ ಮನೆಯನ್ನು ಮತ್ತೆ 36 ಮನೆಗಳಾಗಿ ಭಾಗ ಮಾಡಿದರು. ಒಟ್ಟು 2,304 ಪುಟ್ಟ ಮನೆಗಳ ಮೇಲೆ ಅಕ್ಷರದ ನಕ್ಷೆ ಬಿಡಿಸಿದರು. ಆದರೆ ಉಕ್ಕಿನಲ್ಲಿ ಕೆತ್ತಿದ ಫಿಲಿಪ್ ಗ್ರಾಂಜಾನ್ ಆ ನಕ್ಷೆಗೆ ಪೂರ್ತಿ ಕಟ್ಟುಬೀಳಲಿಲ್ಲ. ಕಣ್ಣಿಗೆ ಬೇಕಾದಂತೆ ತಿದ್ದುತ್ತಾ ಹೋದರು. 1702ರಲ್ಲಿ ಆ ಅಕ್ಷರದ ಪುಸ್ತಕ ಹೊರಬಂದಾಗ ಜನ ಕಂಡದ್ದು ನಕ್ಷೆ ಮತ್ತು ಕಣ್ಣು ಎರಡೂ ಸೇರಿದ ಕೆಲಸ. 1927ರ ಫ್ಯೂಚುರಾವನ್ನು ನೋಡಿ, ಕೈವಾರ ಮತ್ತು ಪಟ್ಟಿಯಿಂದ ಬರೆದಂತಿದೆ. ಪೌಲ್ ರೆನ್ನರ್ ಅವರ ಆ ಅಕ್ಷರಗಳನ್ನು ಹಿಗ್ಗಿಸಿ ನೋಡಿದರೆ ಹೊಟ್ಟೆ ಸ್ಟೆಮ್ಮನ್ನು ಸೇರುವ ಕಡೆ ಗೀಟು ತೆಳುವಾಗಿರುತ್ತದೆ. ತೆಳು ಮಾಡದಿದ್ದರೆ ಆ ಮೂಲೆಯಲ್ಲಿ ಕಪ್ಪು ಗಂಟು ಕಟ್ಟಿದಂತೆ ಕಾಣುತ್ತದೆ.

ಮೂಲೆಯ ಕಪ್ಪಿನ ವಿಷಯದಲ್ಲಿ ಬೆಲ್ ಸೆಂಟೆನಿಯಲ್ ಹೆಸರು ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ಟೆಲಿಫೋನ್ ಡೈರೆಕ್ಟರಿಗಾಗಿ ಮ್ಯಾಥ್ಯೂ ಕಾರ್ಟರ್ 1978ರಲ್ಲಿ ಮುಗಿಸಿದ ಅಕ್ಷರ. ಬಹಳ ಚಿಕ್ಕ ಗಾತ್ರ, ಅಗ್ಗದ ಕಾಗದ, ವೇಗದ ಮುದ್ರಣ. ಶಾಯಿ ಹರಡಿ ಮೂಲೆಗಳು ತುಂಬಿಕೊಳ್ಳುತ್ತಿದ್ದವು. ಅವರು ಗೀಟುಗಳು ಸೇರುವ ಕಡೆ ಆಳವಾದ ಕಚ್ಚು ಕೊಟ್ಟರು. ಇವಕ್ಕೆ ಇಂಕ್ ಟ್ರ್ಯಾಪ್ ಎಂದು ಹೆಸರು. ದೊಡ್ಡದಾಗಿ ನೋಡಿದರೆ ಯಾರೋ ಅಕ್ಷರವನ್ನು ಕಚ್ಚಿ ತಿಂದಂತಿದೆ. ಡೈರೆಕ್ಟರಿಯಲ್ಲಿ ಶಾಯಿ ಬಂದು ಆ ಕಚ್ಚುಗಳನ್ನು ತುಂಬಿ ಅಕ್ಷರವನ್ನು ಸರಿಮಾಡುತ್ತಿತ್ತು. ಕನ್ನಡದಲ್ಲಿ ಒತ್ತು ಮೈಗೆ ಹತ್ತಿರ ಬರುವ ಜಾಗ, ಸೀಳು ಹೊಟ್ಟೆಯನ್ನು ಮುಟ್ಟುವ ಜಾಗ, ಇವೆಲ್ಲ ಹೀಗೆ ಶಾಯಿ ತುಂಬುವ ಮೂಲೆಗಳೇ. ಚಿಕ್ಕ ಗಾತ್ರಕ್ಕೆಂದೇ ಮಾಡುವ ಕನ್ನಡ ಅಕ್ಷರದಲ್ಲಿ ಈ ಉಪಾಯವನ್ನು ಇನ್ನೂ ಧೈರ್ಯವಾಗಿ ಬಳಸಬೇಕು.

ಫಾಂಟ್ ಆರಿಸುವುದು ಹೇಗೆ ಎಂದು ಸಭೆಯಲ್ಲಿ ಒಬ್ಬರು ಆಗಲೇ ಕೇಳಿದರು. ಫಾಂಟಿನ ಹೆಸರು, ಅದರ ಮಾದರಿ ಚಿತ್ರ ನೋಡಿ ಆರಿಸಬೇಡಿ. ನಿಮಗೆ ಬೇಕಾದ ಗಾತ್ರದಲ್ಲೇ, ಬೇಕಾದ ಕಾಗದ ಅಥವಾ ಪರದೆಯ ಮೇಲೆಯೇ ಕೆಲವು ಪದ ಹಾಕಿ ನೋಡಿ. ‘ಮರ, ಮಠ’ ಹಾಕಿ: ಚುಕ್ಕೆ ಉಳಿದಿದೆಯೇ? ‘ಹೂವು, ಹೂಮಾಲೆ’ ಹಾಕಿ: ವು ಮತ್ತು ಮ ಬೇರೆ ಕಾಣುತ್ತವೆಯೇ? ‘ದನ, ಧನ’ ಹಾಕಿ: ಸೀಳು ಕಾಣುತ್ತದೆಯೇ? ‘ವೈಶಿಷ್ಟ್ಯ’ ಹಾಕಿ. ಅದರಲ್ಲಿ ಐತ್ವದ ಗುರುತು ಕೆಳಗಿಳಿಯುತ್ತದೆ, ಷ ಕೆಳಗೆ ಎರಡು ಒತ್ತು ಬರುತ್ತವೆ, ಗುಡಿಸು ಮೇಲೇಳುತ್ತದೆ. ಒಂದೇ ಪದದಲ್ಲಿ ನಾಲ್ಕೂ ದಿಕ್ಕಿನ ಪರೀಕ್ಷೆ. ಬೋಲ್ಡ್ ಬೇಕಿದ್ದರೆ ಇದೇ ಪದಗಳನ್ನು ಬೋಲ್ಡಿನಲ್ಲೂ ನೋಡಿ.

ಆಮೇಲೆ ಎರಡು ಸಾಲು ಹತ್ತಿರ ಹತ್ತಿರ ಜೋಡಿಸಿ. ಮೇಲಿನ ಸಾಲಿನಲ್ಲಿ ‘ರಾಷ್ಟ್ರ’, ಅದರ ನೇರ ಕೆಳಗೆ ‘ಶ್ರೀ’ ಬರುವಂತೆ ಇಡಿ. ಮೇಲಿನ ಒತ್ತು ಕೆಳಗಿನ ಗುಡಿಸನ್ನು ಮುಟ್ಟುತ್ತಿದ್ದರೆ ಸಾಲುಗಳ ನಡುವಿನ ಅಂತರ ಸಾಲದು. ಪುಟ ಜೋಡಿಸುವ ತಂತ್ರಾಂಶಗಳು ತಾವಾಗಿ ಕೊಡುವ ಅಂತರ ಸಾಮಾನ್ಯವಾಗಿ ಅಕ್ಷರ ಗಾತ್ರದ 120 ಪ್ರತಿಶತ. ಅದು ರೋಮನ್ ಲಿಪಿ ನೋಡಿ ಇಟ್ಟ ಅಳತೆ. ಕನ್ನಡಕ್ಕೆ ನಾನು 140ರಿಂದ ಶುರು ಮಾಡಿ ಕಣ್ಣಿಗೆ ನೆಮ್ಮದಿ ಆಗುವವರೆಗೆ ಏರಿಸುತ್ತಾ ಹೋಗುತ್ತೇನೆ. ಪುಟ ಜಾಸ್ತಿಯಾಗುತ್ತದೆ ಎಂದು ಅಂತರ ಕಡಿತ ಮಾಡಲು ಹೇಳುವವರು ಇರುತ್ತಾರೆ. ಅವರಿಗೆ ಆ ಎರಡು ಸಾಲುಗಳನ್ನು ಮುದ್ರಿಸಿ ತೋರಿಸಿ.